ಮೊದಲು ನೀರು, ಆಮೇಲೆ ಕೆಂಪು ಬಣ್ಣ
(ಅಗ್ನಿಶಾಮಕ ಸಪ್ತಾಹದ ಅಂಗವಾಗಿ ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ 14 ಯಾಕೆ ಮುಖ್ಯ ಅಂತ ಈ ಸಭೆಗೆ ಹೇಳಬೇಕಾಗಿಲ್ಲ. 1944ರ ಮುಂಬೈ ಬಂದರು, ಬೆಂಕಿ ಬಿದ್ದು ಸಿಡಿದ ಫೋರ್ಟ್ ಸ್ಟಿಕಿನ್ ಹಡಗು, ಅದನ್ನು ಆರಿಸಲು ಹೋಗಿ ಸತ್ತ ಅಗ್ನಿಶಾಮಕರು, ಇವೆಲ್ಲ ಮುಂದಿನ ಸಾಲಿನಲ್ಲಿ ಕೂತಿರುವ ಸಮವಸ್ತ್ರದವರಿಗೆ ಬಾಯಿಪಾಠ. ಸತ್ತವರನ್ನು ನೆನೆಯುವ ವಾರದಲ್ಲಿ ಹಳೆಯ ಫೈರ್ ಎಂಜಿನ್ ಸರಿಮಾಡುವ ಬಗ್ಗೆಯೂ ಒಂದು ಗಂಟೆ ಮಾತಾಡೋಣ ಅಂತ ಕರೆದರು. ಗಂಟೆ ಅಂದಿದ್ದು ಈಗ ನಲವತ್ತು ನಿಮಿಷ ಆಗಿದೆ, ಇರಲಿ.

ಅವಸರಕ್ಕೆ ಬೇರೆ ಕಾರಣವೂ ಇದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಗುಜರಿ ಅಂಗಳದಲ್ಲಿ ಗ್ಯಾಸ್ ಕಟ್ಟರ್ ಹಿಡಿದವನಿಗೆ ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹದ ಪಂಪ್ ಅಂದರೆ ಕೆಜಿ ಲೆಕ್ಕದ ತಾಮ್ರ. ಒಂದು ಗಾಡಿ ಉಳಿಸಿಕೊಳ್ಳಬೇಕು ಅಂತ ಯಾರಿಗಾದರೂ ಮನಸ್ಸಿದ್ದರೆ ಹುಡುಕುವ ಕಾಲ ಇದು.

ಹಳೆಯ ಫೈರ್ ಎಂಜಿನ್ ಕೈಗೆ ಬಂದ ದಿನವೇ ನಮ್ಮ ಜನ ಪೇಂಟರ್‌ಗೆ ಫೋನ್ ಮಾಡುತ್ತಾರೆ. ಇವತ್ತಿನ ನನ್ನ ತಕರಾರು ಇದೊಂದೇ. ಬಣ್ಣ ಹೊಡೆದು, ಹಿತ್ತಾಳೆ ಗಂಟೆ ಉಜ್ಜಿ, ಮದುವೆ ಮಂಟಪದ ಮುಂದೆ ನಿಲ್ಲಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಕೆರೆಯಿಂದ ನೀರು ಎತ್ತಲಾರದ್ದು ಫೈರ್ ಎಂಜಿನ್ ಅಲ್ಲ, ಕೆಂಪು ಲಾರಿ. ಪೇಂಟರ್ ಹೇಳುವ ಪ್ರೈಮರ್ ಬೇರೆ, ಪಂಪಿನ ಗಾಳಿ ತೆಗೆದು ನೀರು ಹತ್ತಿಸುವ ಪ್ರೈಮರ್ ಬೇರೆ. ಮೊದಲು ಎರಡನೆಯದು ಸರಿಯಾಗಬೇಕು.

ಬಿಡಿಭಾಗದ ವಿಷಯಕ್ಕೆ ಬರುತ್ತೇನೆ. “ಒರಿಜಿನಲ್ ಪಾರ್ಟ್ ಎಲ್ಲಿ ಸಿಗುತ್ತದೆ?” ಅಂತ ಎಲ್ಲರೂ ಕೇಳುತ್ತಾರೆ. ಉತ್ತರಕ್ಕೆ ಮೊದಲು ಒಂದು ಮಾತು: ಒಂದು ಫೈರ್ ಎಂಜಿನ್ನಿನಲ್ಲಿ ಮೂರು ಒಕ್ಕ, ಅಂದರೆ ಕೊಡವರ ಮಾತಿನಲ್ಲಿ ಮೂರು ಮನೆತನ, ಇರುತ್ತವೆ. ಷಾಸಿ ಒಬ್ಬರದು, ಪಂಪ್ ಇನ್ನೊಬ್ಬರದು, ಬಾಡಿ ಕಟ್ಟಿದವರು ಮೂರನೆಯವರು. ಮೂವರಿಗೂ ಮನೆಹೆಸರು ಬೇರೆ, ತಯಾರಕರು ನಂಬರ್ ಕೊರೆದ ತಗಡಿನ ಪ್ಲೇಟೂ ಬೇರೆ. ಬಿಚ್ಚುವ ಮೊದಲು ಆ ಮೂರು ಪ್ಲೇಟುಗಳ ಫೋಟೊ ತೆಗೆದಿಡಿ. ಪ್ಲೇಟಿನ ಮೇಲಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಬೇಡಿ. ಅಕ್ಷರ ಹೋದರೆ ಜಾತಕ ಹೋದ ಹಾಗೆ.

ಷಾಸಿಯ ಒಕ್ಕಕ್ಕೆ ನಂಟರು ಬಹಳ. 1954ರಿಂದ 1969ರವರೆಗೆ ಟಾಟಾದವರು ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಲಾರಿ ಮಾಡಿದರು. ಆ ಷಾಸಿ ಆಗಿದ್ದರೆ ಕ್ಲಚ್, ಬ್ರೇಕ್, ಸ್ಟಿಯರಿಂಗ್ ಭಾಗಗಳನ್ನು ಲಾರಿಯ ಹೆಸರು ಹೇಳಿಯೇ ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಎಲ್ಲ ಕಡೆಯೂ “ಫೈರ್ ಎಂಜಿನ್‌ಗೆ ಬೇಕು” ಅಂದರೆ ಕೌಂಟರಿನಿಂದಲೇ ವಾಪಸ್. “ಹಳೆ ಬೆಂಜ್ ಲಾರಿಗೆ” ಅಂದರೆ ಒಳಗಿಂದ ಹುಡುಗ ಏಣಿ ಹತ್ತುತ್ತಾನೆ.

ವಿಲಾಯಿತಿ ಗಾಡಿಗೂ ಇದೇ ಸೂತ್ರ. 1950ರ ದಶಕದ ಡೆನ್ನಿಸ್ ಎಫ್8 ತೆಗೆದುಕೊಳ್ಳಿ. ಅದರ ಎಂಜಿನ್ ರೋಲ್ಸ್ ರಾಯ್ಸ್ ಬಿ60, ಆರು ಸಿಲಿಂಡರ್, ಸುಮಾರು 4.25 ಲೀಟರ್. ರೋಲ್ಸ್ ರಾಯ್ಸ್ ಅಂತ ಕೇಳಿದ ಕೂಡಲೇ ಮೈಸೂರು ಮಹಾರಾಜರ ಕಾರು ನೆನಪಾಗಿ ಎದೆ ಒಡೆಯುತ್ತದೆ. ಭಯ ಬೇಡ. ಅದೇ ಬಿ60 ಬ್ರಿಟಿಷ್ ಸೇನೆಯ ಫೆರೆಟ್ ಎಂಬ ಚಿಕ್ಕ ಕವಚ ವಾಹನದಲ್ಲೂ ಇತ್ತು. ಅದರ ತಮ್ಮ ನಾಲ್ಕು ಸಿಲಿಂಡರಿನ ಬಿ40, ಅಣ್ಣ ಎಂಟರ ಬಿ80. ಮೂವರಿಗೂ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಮೂರೂವರೆ ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, ನಾಲ್ಕೂವರೆ. ಸೇನೆಗೆ ಬೇಕಾದಾಗ ಒಂದರದು ಇನ್ನೊಂದಕ್ಕೆ ಆಗಲಿ ಅಂತಲೇ ಹಾಗೆ ಮಾಡಿದ್ದು. ಆದ್ದರಿಂದ ಡೆನ್ನಿಸ್ ಬಿಡಿಭಾಗ ಅಂತ ಹುಡುಕಬೇಡಿ, ಸೇನಾ ಮಿಗುತಾಯದಲ್ಲಿ ಫೆರೆಟ್ ಬಿಡಿಭಾಗ ಹುಡುಕಿ.

ಇಲ್ಲಿ ನನಗೆ ಇಷ್ಟವಾದ ಒಂದು ಕಥೆ ಇದೆ. ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರಕ್ಕೆ ಇಬ್ಬರು ಮೂವರು ಹೊತ್ತು ಓಡಬಲ್ಲ ಹಗುರ ಪಂಪ್ ಬೇಕಿತ್ತು. ಮಿನಿಟಿಗೆ 350 ಗ್ಯಾಲನ್, ಒತ್ತಡ ಚದರ ಇಂಚಿಗೆ 100 ಪೌಂಡ್. ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಅದಕ್ಕೆಂದು 1020 ಸಿಸಿಯ ಅಲ್ಯೂಮಿನಿಯಂ ಎಂಜಿನ್ ಮಾಡಿದರು. ಹೆಸರು ಫೆದರ್‌ವೇಯ್ಟ್, ಅಂದರೆ ಗರಿಯಷ್ಟು ಹಗುರ. ಹೊತ್ತವರನ್ನು ಕೇಳಿದರೆ ಗರಿಯ ವಿಚಾರ ಬೇರೆಯೇ ಹೇಳುತ್ತಾರೆ! ಬೆಂಕಿ ಪಂಪಿನ ಎಂಜಿನ್‌ಗೆ ಕಾರಿನ ಹಾಗೆ ಬಿಸಿಯಾಗಲು ಪುರುಸೊತ್ತಿಲ್ಲ. ತಣ್ಣಗಿರುವಾಗ ಸ್ಟಾರ್ಟ್, ಮರುಕ್ಷಣ ಫುಲ್ ಥ್ರಾಟಲ್, ಆಮೇಲೆ ಗಂಟೆಗಟ್ಟಲೆ ಅದೇ ವೇಗ. ಇದನ್ನು ತಡೆದುಕೊಳ್ಳುವ ಎಂಜಿನ್ ರೇಸಿಗೆ ಆಗದಿರುತ್ತದೆಯೇ? ರೇಸಿನವರು ಬಾಗಿಲು ತಟ್ಟಿದರು. 1098 ಸಿಸಿಗೆ ಹಿಗ್ಗಿಸಿದ ಅದೇ ಎಂಜಿನ್ 1954ರಲ್ಲಿ ರೇಸಿಗಿಳಿದು, ಆಮೇಲೆ ಲೋಟಸ್, ಕೂಪರ್ ಕಾರುಗಳಲ್ಲಿ ಓಡಿತು. ಹಿಲ್‌ಮನ್ ಇಂಪ್ ಎಂಬ ಸಂಸಾರಸ್ಥರ ಪುಟ್ಟ ಕಾರಿನ ಎಂಜಿನ್ನೂ ಇದೇ ಬಳ್ಳಿಯ ಕಾಯಿ. ಬೆಂಕಿ ಆರಿಸಲು ಹುಟ್ಟಿದ್ದು ಹೋಗಿ ಟ್ರ್ಯಾಕಿನಲ್ಲಿ ಬೆಂಕಿ ಹಚ್ಚಿತು. ಇದೇ ಕ್ಲೈಮ್ಯಾಕ್ಸ್ ಕಂಪನಿಯ ಗೋಡೀವಾ ಪಂಪ್ ಸಿಕ್ಕಿದವರಿಗೆ ಇದರಿಂದ ಲಾಭವೂ ಇದೆ, ಮೋಸವೂ ಇದೆ. ಹಳೆಯ ರೇಸ್ ಕಾರುಗಳಿಗಾಗಿ ಬಿಡಿಭಾಗ ಮಾಡಿ ಮಾರುವವರು ಇದ್ದಾರೆ. ಆದರೆ 1020 ಮತ್ತು 1098 ಒಂದೇ ಅಲ್ಲ. ಹೆಸರು ನೋಡಿ ಪಿಸ್ಟನ್ ತರಿಸಬೇಡಿ, ಬೋರ್ ಅಳೆದು ತರಿಸಿ.

ನಟ್ಟು ಬೋಲ್ಟಿಗೂ ಇದೇ ಮಾತು. ಹಳೆಯ ಬ್ರಿಟಿಷ್ ಗಾಡಿಯಲ್ಲಿ ವಿಟ್‌ವರ್ತ್ ಥ್ರೆಡ್, 55 ಡಿಗ್ರಿ ಕೋನ. ಅಮೆರಿಕದ್ದೂ ಮೆಟ್ರಿಕ್ಕೂ 60 ಡಿಗ್ರಿ. ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಸುತ್ತು, ಅಮೆರಿಕದ ಯುಎನ್‌ಸಿ ಥ್ರೆಡ್ಡಿಗೆ 13. ಹಾಕಿದರೆ ಎರಡು ಮೂರು ಸುತ್ತು ಹೋಗಿ ಬಿಗಿಯುತ್ತದೆ, ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿರುತ್ತಾನೆ. ಅಲ್ಯೂಮಿನಿಯಂ ಕೇಸಿಂಗ್ ಆಗಿದ್ದರೆ ಥ್ರೆಡ್ ಅಲ್ಲಿಗೆ ಮುಗಿಯಿತು. ನೂರಾರು ರೂಪಾಯಿಗೆ ಸಿಗುವ, ಥ್ರೆಡ್ ಅಳೆಯುವ ಪಿಚ್ ಗೇಜ್ ಒಂದನ್ನು ಮೊದಲ ದಿನವೇ ತನ್ನಿ.

ಎರಡನೇ ಒಕ್ಕ ಪಂಪ್. ನಾನು ಬಂದದ್ದೇ ಇದಕ್ಕೆ.

ನಿಮ್ಮಲ್ಲಿ ಅರ್ಧ ಜನ, ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟಾಗ, ಕೆರೆಗೆ ಪಂಪ್ ಇಳಿಸಿ ಕಾಫಿಗೆ ಸ್ಪ್ರಿಂಕ್ಲರ್ ಹಾರಿಸಿದವರು. ಪೈಪಿನ ತುದಿಯ ಫುಟ್‌ವಾಲ್ವ್ ಸೋರಿದರೆ ಬಕೆಟ್ಟಿನಲ್ಲಿ ನೀರು ಹೊಯ್ಯುವ ಕಷ್ಟ ಗೊತ್ತು. ಚಕ್ರ ತಿರುಗಿಸಿ ನೀರು ಚಿಮ್ಮಿಸುವ ಸೆಂಟ್ರಿಫ್ಯೂಗಲ್ ಪಂಪಿಗೆ ಗಾಳಿ ಎಳೆಯಲು ಬಾರದು. ಫೈರ್ ಎಂಜಿನ್ನಿನಲ್ಲಿ ಆ ಗಾಳಿ ತೆಗೆಯುವ ಕೆಲಸ ಪ್ರೈಮರಿನದು. ಪ್ರೈಮರ್ ಸರಿಯಾಗಿದೆಯೇ, ಪಂಪ್ ಗಾಳಿ ಹಿಡಿದುಕೊಳ್ಳುತ್ತದೆಯೇ ಅಂತ ನೋಡುವುದಕ್ಕೆ ಒಣ ಪರೀಕ್ಷೆ ಇದೆ. ನೀರು ಒಳಬರುವ ಸಕ್ಷನ್ ಬಾಯಿಗೆ ಮುಚ್ಚಳ, ನೀರು ಹೊರಹೋಗುವ ಡೆಲಿವರಿಗಳೆಲ್ಲ ಬಂದ್, ಪ್ರೈಮರ್ ಹಾಕಿ ವ್ಯಾಕ್ಯೂಮ್ ಗೇಜ್ ನೋಡುವುದು. ಅಮೆರಿಕದ ಮಾನದಂಡದಲ್ಲಿ 22 ಇಂಚು ಪಾದರಸ ಏರಬೇಕು, ಐದು ನಿಮಿಷದಲ್ಲಿ ಹತ್ತು ಇಂಚಿಗಿಂತ ಹೆಚ್ಚು ಇಳಿಯಬಾರದು.

ಇಲ್ಲಿ ಮಡಿಕೇರಿಯವರು ಕಿವಿಗೊಡಬೇಕು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 30 ಇಂಚು ಪಾದರಸ, ಅಂದರೆ ಹತ್ತು ಮೀಟರಿಗೆ ಸ್ವಲ್ಪ ಮೇಲಿನ ನೀರಿನ ಕಂಬ. ನಾವು ಕೂತಿರುವುದು 1,150 ಮೀಟರ್ ಎತ್ತರದ ಆಸುಪಾಸಿನಲ್ಲಿ. ಇಲ್ಲಿ ಒಟ್ಟು ಒತ್ತಡವೇ ಸುಮಾರು 26 ಇಂಚು, ನೀರಿನ ಲೆಕ್ಕದಲ್ಲಿ ಒಂಬತ್ತು ಮೀಟರ್. ಪಂಪ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿ ಒಳಗೆ ತಳ್ಳುತ್ತದೆ. ತಳ್ಳುವವನೇ ಸೊರಗಿದ್ದಾನೆ ಅಂದಮೇಲೆ ಮಂಗಳೂರಿನಲ್ಲಿ ಏಳು ಮೀಟರ್ ಎತ್ತಿದ ಪಂಪ್ ಇಲ್ಲಿ ಆರಕ್ಕೇ ಏದುಸಿರು ಬಿಡುತ್ತದೆ. ಅದೇ ಮಾನದಂಡ 2,000 ಅಡಿ ಮೇಲೆ ಪ್ರತಿ ಸಾವಿರ ಅಡಿಗೆ ಒಂದು ಇಂಚು ರಿಯಾಯಿತಿ ಕೊಡುತ್ತದೆ. ಮಡಿಕೇರಿಯಲ್ಲಿ 20 ಇಂಚಿಗೆ ಸ್ವಲ್ಪ ಮೇಲೆ ತೋರಿದರೆ ಪಂಪ್ ಪಾಸು. ಕುಶಾಲನಗರಕ್ಕೆ ಇಳಿಸಿದರೆ ಪ್ರೈಮರಿನ ಮಿತಿಯೇ ಒಂದು ಇಂಚಿನಷ್ಟು ಏರುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಪಂಪನ್ನು ಬಿಚ್ಚಿ ಕೆಡಿಸಬೇಡಿ.

ನಿಜವಾಗಿಯೇ ಸೋರುತ್ತಿದ್ದರೆ? ಮೊದಲು ಬರೀ ಪಂಪ್, ಆಮೇಲೆ ಸಕ್ಷನ್ ಹೋಸ್ ಸೇರಿಸಿ ಅದರ ತುದಿಗೆ ಮುಚ್ಚಳ, ಹೀಗೆ ಎರಡು ಸಲ ಪರೀಕ್ಷಿಸಿ. ಎರಡನೆಯ ಸಲ ಮಾತ್ರ ಮುಳ್ಳು ಬಿದ್ದರೆ ತಪ್ಪು ಹೋಸಿನದು ಅಥವಾ ಅದರ ವಾಷರಿನದು. ಪಂಪಿನಲ್ಲೇ ಇದ್ದರೆ ನೀರು ತುಂಬಿಸಿ ಒತ್ತಡ ಕೊಡಿ. ಎಲ್ಲಿ ನೀರು ಹೊರಬರುತ್ತದೋ ಅಲ್ಲೇ ಗಾಳಿ ಒಳಹೋಗುವುದು. ಹತ್ತರಲ್ಲಿ ಹೆಚ್ಚಿನ ಸಲ ಡ್ರೇನ್ ಕಾಕ್, ಗೇಜಿನ ಸಣ್ಣ ಪೈಪ್, ಇಲ್ಲವೇ ಗ್ಲ್ಯಾಂಡ್, ಅಂದರೆ ಶಾಫ್ಟ್ ಪಂಪಿನಿಂದ ಹೊರಬರುವ ಕಡೆ ಸೋರದ ಹಾಗೆ ಹಗ್ಗ (ಪ್ಯಾಕಿಂಗ್) ತುಂಬಿದ ಡಬ್ಬಿ.

ಗ್ಲ್ಯಾಂಡಿನ ಕೆಲಸ ನಿಧಾನಸ್ಥರದು. ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ತೆಗೆಯಿರಿ, ಗಾಳಿ ಹೊಡೆಯಬೇಡಿ. ಹೊಸ ಗ್ರಾಫೈಟ್ ಹಗ್ಗದ ದಪ್ಪ ಎಷ್ಟು? ಡಬ್ಬಿಯ ಒಳವ್ಯಾಸದಿಂದ ಶಾಫ್ಟಿನ ವ್ಯಾಸ ಕಳೆದು ಅರ್ಧ ಮಾಡಿ. ಡಬ್ಬಿ 58 ಮಿ.ಮೀ., ಶಾಫ್ಟ್ 38 ಅಂದರೆ ಹಗ್ಗ 10. ಶಾಫ್ಟಿನಷ್ಟೇ ದಪ್ಪದ ಸಲಾಕೆಗೆ ಸುತ್ತಿ, ಓರೆಯಾಗಿ ಕತ್ತರಿಸಿ ಬಳೆ ಮಾಡಿ. ಒಂದೊಂದೇ ಬಳೆ ತಳ್ಳಿ, ಸಂದು ಒಂದರ ಹಿಂದೆ ಒಂದು ಬಾರದ ಹಾಗೆ ಕಾಲು ಸುತ್ತು ತಿರುಗಿಸಿ. ನಡುವೆ ತೂತಿನ ಲೋಹದ ಬಳೆ ಇದ್ದರೆ, ಅದು ಗ್ರೀಸ್ ಬರುವ ರಂಧ್ರಕ್ಕೆ ನೇರ ಕೂರಬೇಕು. ಹಿಂದೆ ಬಳೆ ಹೆಚ್ಚಾದರೆ ಅದು ಮುಂದೆ ಸರಿದು ರಂಧ್ರ ಮುಚ್ಚಿಹೋಗುತ್ತದೆ, ಗ್ರೀಸ್ ಹೋಗದೆ ಗಾಳಿ ಹೋಗುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿದು ಪಂಪ್ ಓಡಿಸಿ, ಹತ್ತು ನಿಮಿಷಕ್ಕೊಮ್ಮೆ ನಟ್ಟಿನ ಒಂದು ಮುಖದಷ್ಟು ತಿರುಗಿಸಿ. ತೊಟ್ಟು ತೊಟ್ಟಾಗಿ ನೀರು ಬೀಳುತ್ತಿರಬೇಕು. ಒಂದು ಹನಿಯೂ ಬೀಳಬಾರದು ಅಂತ ಬಿಗಿಯುವ ಶಿಸ್ತಿನ ಜನ ಇದ್ದಾರೆ. ಅವರ ಶಾಫ್ಟಿನಲ್ಲಿ ಕೊರಕಲು ಬಿದ್ದಿರುತ್ತದೆ.

ಪಂಪಿನ ಒಳಗಿನ ಸವೆತದ ಬಳೆ, ನೀರು ಚಿಮ್ಮಿಸುವ ಚಕ್ರ ಅಂದರೆ ಇಂಪೆಲ್ಲರ್, ಇವು ಅಂಗಡಿಯಲ್ಲಿ ಸಿಗುವುದಿಲ್ಲ, ಎರಕ ಹೊಯ್ಯಿಸಬೇಕು. ಕೊಯಮತ್ತೂರಿನ ಕಡೆ ಪಂಪಿನ ಎರಕದವರಿಗೆ ಇದು ದಿನದ ಕೆಲಸ. ಗನ್‌ಮೆಟಲ್ ಅಂತ ಮಾತ್ರ ಹೇಳಬೇಡಿ. ತಾಮ್ರ 85, ತವರ 5, ಸೀಸ 5, ಸತು 5 ಅಂತ ಬರೆದುಕೊಡಿ. ಹಳೆಯ ತುಂಡನ್ನೇ ಅಚ್ಚಾಗಿ ಒತ್ತಿದರೆ ಹೊಸದು ಚಿಕ್ಕದಾಗುತ್ತದೆ, ಲೋಹ ತಣಿಯುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. 200 ಮಿ.ಮೀ. ಬಳೆಗೆ ಮೂರು ಮಿ.ಮೀ. ಹೋಯಿತು, ಲೇತಿಗೆ ಬೇಕಾದದ್ದು ಬೇರೆ. ಹಾಗಾಗಿ ಸವೆದ ತುಂಡನ್ನು ಎಸೆಯಬೇಡಿ, ನಕ್ಷೆ ಅದೇ. ಬೇರಿಂಗಿಗೆ ಮಾತ್ರ ಇಷ್ಟು ಕಷ್ಟ ಇಲ್ಲ. ಮೈಮೇಲಿನ ಎಣ್ಣೆ ಒರೆಸಿದರೆ ನಂಬರ್ ಕಾಣುತ್ತದೆ. ಹಾಫ್‌ಮನ್ ಕಂಪನಿಯ ಎಲ್‌ಎಸ್ ಸರಣಿ ಇದ್ದರೆ ಎಸ್‌ಕೆಎಫ್ ಕಂಪನಿಯ ಆರ್‌ಎಲ್‌ಎಸ್ ಸರಣಿ ಕೇಳಿ. ಆಯಿಲ್ ಸೀಲ್ ಆದರೆ ಒಳವ್ಯಾಸ, ಹೊರವ್ಯಾಸ, ದಪ್ಪ. ಅಷ್ಟು ಸಾಕು.

ಪಂಪ್ ಓಡುವಾಗ ಗಾಡಿ ನಿಂತಿರುತ್ತದೆ, ರೇಡಿಯೇಟರಿಗೆ ಎದುರುಗಾಳಿ ಇಲ್ಲ. ಅದಕ್ಕೇ ಪಂಪಿನ ನೀರಿನಿಂದ ಎಂಜಿನ್ ನೀರನ್ನು ತಣಿಸುವ ಸುರುಳಿ ಇಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಎಂಜಿನ್ ಕುದಿಯುತ್ತದೆ. ತೂತಾದರೆ ಇನ್ನೂ ಕೆಟ್ಟದ್ದು, ಏಳು ಬಾರ್ ಒತ್ತಡದ ನೀರು ರೇಡಿಯೇಟರಿಗೆ ನುಗ್ಗುತ್ತದೆ. ಪಂಪ್ ಹಾಕಿದ ಮೇಲೆ ರೇಡಿಯೇಟರ್ ತಾನಾಗಿಯೇ ತುಂಬಿ ಚೆಲ್ಲಿದರೆ ಕೂಡಲೇ ನಿಲ್ಲಿಸಿ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಮೂರನೇ ಒಕ್ಕ, ಬಾಡಿ, ಓಡಿಸಿಬಿಡುತ್ತೇನೆ.

ಹಳೆಯ ಬ್ರಿಟಿಷ್ ಬಾಡಿಯ ತಗಡಿನ ಒಳಗೆ ಆ್ಯಶ್ ಮರದ ಚೌಕಟ್ಟು ಇರುತ್ತದೆ. ನಮ್ಮ ಮಳೆಗೆ ಮೊದಲು ಕೊಳೆಯುವುದು ಬಾಗಿಲ ಕಂಬದ ಬುಡ. ಬದಲಿಗೆ ಚೆನ್ನಾಗಿ ಒಣಗಿದ ತೇಗ ಹಾಕಿ. ತೋಟದಲ್ಲಿ ಇದೆ ಅಂತ ಸಿಲ್ವರ್ ಓಕ್ ಹಸಿಯಾಗಿ ಕೊಯ್ದು ಹಾಕಿದರೆ ಮುಂದಿನ ಬೇಸಿಗೆಗೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ರಿಮ್ಮಿಗೆ ಟಯರ್ ಹಿಡಿದಿಡುವ ಲಾಕ್ ರಿಂಗ್ ಇದ್ದರೆ ಗಾಳಿ ತುಂಬುವಾಗ ಎದುರಿಗೆ ನಿಲ್ಲಬೇಡಿ. ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಿಸಿ. ತುಕ್ಕು ತಿಂದ ರಿಂಗ್ ಹಾರಿದರೆ ಆಳು ಉಳಿಯುವುದಿಲ್ಲ. ಇದೊಂದು ಮಾತು ನೆನಪಿಡಿ, ಉಳಿದದ್ದು ಮರೆತರೂ ಚಿಂತೆಯಿಲ್ಲ.

ವೈರಿಂಗ್: ಬ್ಯಾಟರಿ ಜೋಡಿಸುವ ಮೊದಲು ನೋಡಿ, ಹಲವು ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲ ಕಳೆದ ಮೇಲೆ ಬದಲಾಯಿಸುವುದು ಕ್ಷೇಮ.

ಹಿತ್ತಾಳೆ ಗಂಟೆಗೆ ಕಾಚಂಪುಳಿ, ನಮ್ಮ ಕೊಡಗಿನ ಅಡುಗೆಯ ಹುಳಿರಸ, ಹಚ್ಚಿದರೆ ಫಳಫಳ ಅನ್ನುತ್ತದೆ ಅಂತ ಯಾರೋ ಹಿಂದಿನ ಸಾಲಿನಿಂದ ಹೇಳುತ್ತಿದ್ದಾರೆ. ಅನ್ನುತ್ತದೆ. ತೊಳೆಯದೆ ಬಿಟ್ಟರೆ ಹುಳಿ ಸತುವನ್ನು ತಿಂದು ಗಂಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಚಂಪುಳಿ ಪಂದಿಕರಿಗೇ ಇರಲಿ.

ಬಣ್ಣ. ಹೌದು, ಕೊನೆಗೂ ಬಂದೆ. ಹಳೆಯ ಪದರದಲ್ಲಿ ಸೀಸ ಇರಬಹುದು, ನೀರು ಹಾಕಿಯೇ ಉಜ್ಜಿ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿ. ಜೂನ್‌ನಲ್ಲಿ ಮಡಿಕೇರಿಯ ಶೆಡ್ಡಿನಲ್ಲಿ ಹೊಡೆದ ಬಣ್ಣ ಹಾಲು ಚೆಲ್ಲಿದ ಹಾಗೆ ಮಂಕಾಗುತ್ತದೆ. ಗಾಳಿಯ ತೇವ ಅದರೊಳಗೇ ಸಿಕ್ಕಿಕೊಂಡಿರುತ್ತದೆ.

ಏಣಿ, ಹೋಸ್‌ಗಳ ಬಗ್ಗೆ ಬರೆದುಕೊಂಡ ಎರಡು ಹಾಳೆ ಜೇಬಿನಲ್ಲೇ ಉಳಿಯಿತು. ಹೊರಗೆ ಅಂಗಳದಲ್ಲಿ ಒಂದು ಪಂಪ್ ಇಟ್ಟಿದೆ. ಪ್ರಶ್ನೆ ಇರುವವರು ಅಲ್ಲಿಗೇ ಬನ್ನಿ, ಗ್ಲ್ಯಾಂಡ್ ಬಿಚ್ಚಿ ನಿಮ್ಮ ಕೈಯಿಂದಲೇ ಹಗ್ಗ ತುಂಬಿಸೋಣ. ವಿಟ್‌ವರ್ತ್ ಸ್ಪ್ಯಾನರ್ ಒಂದೇ ಸೆಟ್ ಇರುವುದು, ಜೀಪಿಗೆ ಬೇಕು ಅಂತ ಯಾರೂ ಒಯ್ಯಬೇಡಿ.