ಥೇಮ್ಸ್ ದಂಡೆಯಲ್ಲಿ ಗೋಲಿ ಸೋಡಾ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ತಿಳಿಹಸಿರು ಗೋಲಿಯನ್ನು ನೋಡಿ. ನಮ್ಮೂರ ಜಾತ್ರೆಗಳ ಗೋಲಿ ಸೋಡಾದ ಗೋಲಿಯೇ ಇದು. ಸಿಕ್ಕಿದ್ದು ಮಾತ್ರ ಲಂಡನ್ನಿನಲ್ಲಿ, ಥೇಮ್ಸ್ ನದಿಯ ನೀರು ಇಳಿದಾಗ ತೆರೆದುಕೊಳ್ಳುವ ದಂಡೆಯಲ್ಲಿ. ಅಲ್ಲಿ ಹಳೆಯ ವಸ್ತುಗಳನ್ನು ಹುಡುಕುವುದು ಹೇಗೆಂದು ಇವತ್ತು ಹೇಳುತ್ತೇನೆ. ಈ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಹೈರಮ್ ಕಾಡ್. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿದರೆ ಗ್ಯಾಸಿನ ಒತ್ತಡಕ್ಕೆ ಗೋಲಿ ಬಾಯಿಯ ರಬ್ಬರ್ ಉಂಗುರಕ್ಕೆ ಬಿಗಿಯಾಗಿ ಕೂರುತ್ತದೆ. ಗೋಲಿಯಾಸೆಗೆ ಮಕ್ಕಳು ಬಾಟಲಿ ಒಡೆಯುತ್ತಿದ್ದರು. ಹಾಗಾಗಿ ಇಡೀ ಬಾಟಲಿ ಸಿಗುವುದು ಅಪರೂಪ. ಕುತ್ತಿಗೆಯ ಚೂರು ಸಿಕ್ಕರೂ ಗುರುತು ಹಿಡಿಯಬಹುದು: ಸೋಡಾ ಬಗ್ಗಿಸುವಾಗ ಗೋಲಿಯನ್ನು ತಡೆಯಲೆಂದು ಮಾಡಿದ ಎರಡು ಒತ್ತುಗಳು ಅದರಲ್ಲಿರುತ್ತವೆ.

ದಂಡೆಗೆ ಇಳಿಯುವ ಮೊದಲು ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಕೈಯಲ್ಲಿರಬೇಕು. ಅಗೆಯದೆ ಬರಿಗಣ್ಣಿನಲ್ಲಿ ಹುಡುಕುವುದಕ್ಕೂ ಅದು ಬೇಕು. 300 ವರ್ಷಕ್ಕಿಂತ ಹಳೆಯದು ಸಿಕ್ಕರೆ ಲಂಡನ್ ಮ್ಯೂಸಿಯಮ್ಮಿನಲ್ಲಿರುವ ಅಧಿಕಾರಿಗೆ ತೋರಿಸಬೇಕು.

ಇನ್ನು ನೀರಿನ ಲೆಕ್ಕ. ಸಮುದ್ರದ ಉಬ್ಬರವಿಳಿತ ಈ ನದಿಯಲ್ಲಿ ಲಂಡನ್ನಿನವರೆಗೂ ಬರುತ್ತದೆ. ಇದರಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಇಳಿತ ಹೆಚ್ಚು, ದಂಡೆ ಅಗಲವಾಗಿ ತೆರೆದುಕೊಳ್ಳುತ್ತದೆ. ಆದರೆ ಆ ದಿನಗಳಲ್ಲೇ ಉಬ್ಬರವೂ ಜೋರು. ಲಂಡನ್ ಸೇತುವೆಯ ಬಳಿ ನೀರು ಸುಮಾರು 7 ಮೀಟರ್‌ವರೆಗೆ ಏರುತ್ತದೆ, ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಏರುವ ಅವಧಿಯ ನಡುವಿನ ಎರಡೇ ಗಂಟೆಗಳಲ್ಲಿ. ಹಿಂದೆ ಕಟ್ಟಿದ ಗೋಡೆ, ಮುಂದೆ ಏರುವ ನೀರು. ಆದ್ದರಿಂದ ಪೂರ್ಣ ಇಳಿತಕ್ಕೆ ಎರಡು ಗಂಟೆ ಮೊದಲು ಇಳಿಯಿರಿ, ನೀರು ತಿರುಗಿದ ಕೂಡಲೇ ಮೆಟ್ಟಿಲ ಕಡೆ ಹೊರಡಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಉಬ್ಬರವಿಳಿತದ ವೇಳಾಪಟ್ಟಿ ಗ್ರೀನಿಚ್ ಸಮಯದಲ್ಲಿದ್ದರೆ ಆಗ ಒಂದು ಗಂಟೆ ಕೂಡಿಸಬೇಕು. ಹೊಸಬರು ಎಡವುವುದು ಇಲ್ಲೇ. ರಬ್ಬರ್ ಕೈಗವಸು ಹಾಕಿಕೊಳ್ಳಿ, ಗಾಯವಿದ್ದರೆ ಮುಚ್ಚಿ. ನಮ್ಮ ಗದ್ದೆಗಳಲ್ಲಿ ಹೆದರಿಸುವ ಇಲಿಜ್ವರ ಈ ನದಿಯಲ್ಲೂ ಉಂಟು.

ಎಲ್ಲಿ ಹುಡುಕಬೇಕು? ನದಿ ತೂಕ ನೋಡಿ ವಿಂಗಡಿಸುತ್ತದೆ. ತುಕ್ಕು ಹಿಡಿದ ಮೊಳೆಗಳು ಗುಂಪಾಗಿ ಬಿದ್ದಲ್ಲಿ ಗುಂಡುಸೂಜಿ, ನಾಣ್ಯ ಹುಡುಕಿ. ಜಲ್ಲಿಯ ನಡುವೆ ಗಾಜು, ಮಡಕೆ ಚೂರು, ಬಿಳಿ ಜೇಡಿಯ ಹೊಗೆಕೊಳವೆ. ಕೊಳವೆಯ ಬಟ್ಟಲು ತೀರಾ ಚಿಕ್ಕದಿದ್ದರೆ ಖುಷಿಪಡಿ: ತಂಬಾಕು ದುಬಾರಿಯಾಗಿದ್ದ ಮೊದಲ ದಿನಗಳದ್ದು ಅದು.

ಬಾಟಲಿಯ ಕಾಲ ತಿಳಿಯಲು ಅಚ್ಚಿನ ಗೆರೆಯ ಮೇಲೆ, ಅಂದರೆ ಅಚ್ಚಿನ ಭಾಗಗಳು ಕೂಡಿದಲ್ಲಿ ಗಾಜಿನ ಮೇಲೆ ಉಳಿದ ಗೆರೆಯ ಮೇಲೆ, ಬೆರಳಾಡಿಸಿ. ಗೆರೆ ತುಟಿಯ ಅಂಚಿನವರೆಗೂ ಹೋಗಿದ್ದರೆ ಅದು ಸಾಮಾನ್ಯವಾಗಿ 20ನೆಯ ಶತಮಾನದ ಯಂತ್ರದ ಕೆಲಸ. ಕುತ್ತಿಗೆಯಲ್ಲೇ ನಿಂತಿದ್ದರೆ ತುಟಿಯನ್ನು ಕೈಯಿಂದ ರೂಪಿಸಿದ್ದಾರೆ. ಕಪ್ಪಾಗಿ ಕಾಣುವ ದಪ್ಪ ಚೂರನ್ನು ಬಿಸಿಲಿಗೆ ಹಿಡಿಯಿರಿ. ಕಡುಹಸಿರೋ ಕಂದೋ ಹೊಳೆದರೆ ಹಳೆಯ ವೈನ್ ಬಾಟಲಿಯದ್ದಿರಬಹುದು.

ಇಂಥ ಗಾಜಿನ ಮೈಮೇಲೆ ನವಿಲುಗರಿಯ ಬಣ್ಣಗಳು ಆಡುತ್ತಿದ್ದರೆ ಬ್ರಷ್ ಮುಟ್ಟಿಸಬೇಡಿ. ಕೆಸರಿನ ತೇವ ಗಾಜಿನೊಳಗಿನ ಕ್ಷಾರವನ್ನು ಎಳೆದುಕೊಂಡು ಮೇಲ್ಮೈಯನ್ನು ತೆಳು ಪದರಗಳಾಗಿ ಬಿಡಿಸಿರುತ್ತದೆ. ಆ ಪದರಗಳೇ ಬಣ್ಣ. ಉಜ್ಜಿದರೆ ಉದುರುತ್ತವೆ, ಬಿಸಿಲಿಗಿಟ್ಟರೆ ಸಿಪ್ಪೆ ಏಳುತ್ತವೆ. ತಣ್ಣೀರಲ್ಲಿ ಮೆಲ್ಲಗೆ ಜಾಲಿಸಿ, ನೆರಳಲ್ಲಿ ನಿಧಾನವಾಗಿ ಆರಲು ಬಿಡಿ.