ನಟ್ಟಿಗೆ ತಕ್ಕ ಸ್ಪ್ಯಾನರ್

ಕೇಳುಗರಿಗೆ ನಮಸ್ಕಾರ. ಕೈ ಉಪಕರಣಗಳನ್ನು ಆರಿಸುವ ಮತ್ತು ಬಳಸುವ ಬಗೆಯನ್ನು ಕುರಿತು ಹೇಳಲು ನನಗೆ ಈ ಕೆಲವು ನಿಮಿಷಗಳನ್ನು ಕೊಟ್ಟಿದ್ದಾರೆ. ಸೈಕಲ್ಲನ್ನೋ ಸ್ಕೂಟರನ್ನೋ ಸ್ವತಃ ಬಿಚ್ಚಿ ನೋಡುವ ಆಸೆಯಿದ್ದೂ ಏನಾದರೂ ಕೆಟ್ಟೀತೆಂದು ಹಿಂಜರಿಯುವವರೇ ನನ್ನ ಮಾತನ್ನು ಕೇಳುತ್ತಿದ್ದಾರೆಂದು ಭಾವಿಸಿಕೊಂಡಿದ್ದೇನೆ. ನಿಮಗೆ ನಾನು ಹೇಳುವುದು ಒಂದೇ ಮಾತು: ಉಪಕರಣವು ನಟ್ಟಿನ ಮೇಲೆ ಅಲುಗಾಡದೆ ಕೂರಬೇಕು. ಕೂರದಿದ್ದರೆ ತಿರುಗಿಸಬೇಡಿ.

ನಟ್ಟಿಗೆ ಆರು ಮುಖ, ಆರು ಮೂಲೆ. ಬಾಯಿ ತೆರೆದ ಸ್ಪ್ಯಾನರ್ ಹಿಡಿಯುವುದು ಎರಡೇ ಮುಖಗಳನ್ನು. ಬಲವೆಲ್ಲ ಎರಡು ಮೂಲೆಗಳ ಮೇಲೆ ಬೀಳುತ್ತದೆ, ಜೋರಾಗಿ ಎಳೆದಾಗ ಅದರ ದವಡೆಗಳು ಕೂದಲೆಳೆಯಷ್ಟು ಅಗಲವೂ ಆಗುತ್ತವೆ. ರಿಂಗ್ ಸ್ಪ್ಯಾನರ್ ನಟ್ಟನ್ನು ಸುತ್ತಲೂ ತಬ್ಬಿ ಹಿಡಿಯುವುದರಿಂದ ಅದೇ ಬಲ ಆರೂ ಮೂಲೆಗಳಿಗೆ ಹಂಚಿಹೋಗುತ್ತದೆ. ಆದ್ದರಿಂದ ಬಿಗಿದ ನಟ್ಟನ್ನು ಮೊದಲು ಸಡಿಲಿಸುವುದಕ್ಕೂ ಕೊನೆಯಲ್ಲಿ ಬಿಗಿಯುವುದಕ್ಕೂ ರಿಂಗ್, ನಡುವಿನ ಹಗುರವಾದ ತಿರುಗಾಟಕ್ಕೆ ತೆರೆದ ಬಾಯಿ. ಎರಡೂ ತುದಿಗಳುಳ್ಳ ಕಾಂಬಿನೇಷನ್ ಸ್ಪ್ಯಾನರನ್ನು ಮಾಡಿರುವುದೇ ಇದಕ್ಕೆ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಒಂದು ಕಾರಿನ ಎಂಜಿನ್ ಆಯಿಲ್ ಇಳಿಸಲು ಹೇಳಿ ನಮ್ಮ ಮೇಸ್ತ್ರಿ ಬೇರೆ ಗಾಡಿಯ ಕಡೆಗೆ ಹೋದರು. ಆಯಿಲ್ ಇಳಿಸುವ ಬೋಲ್ಟಿನ ತಲೆ 17 ಮಿಲಿಮೀಟರಿನದು, ಅಂದರೆ ಎದುರುಬದುರು ಮುಖಗಳ ನಡುವಿನ ಅಗಲ ಅಷ್ಟು; ಸ್ಪ್ಯಾನರಿನ ನಂಬರೂ ಇದೇ ಅಳತೆ. ಕೈಗೆ ಸಿಕ್ಕಿದ್ದು ಬಾಯಿ ಸವೆದ ಹಳೆಯ ಸ್ಪ್ಯಾನರ್. ಪೆಟ್ಟಿಗೆಯಲ್ಲಿ ರಿಂಗ್ ಇತ್ತು, ಆದರೆ ಗಾಡಿಯ ಕೆಳಗಿನಿಂದ ಹೊರಗೆ ಬರಲು ಸೋಮಾರಿತನ. ಒಮ್ಮೆ ಎಳೆದೆ, ಜಾರಿತು. ಇನ್ನೊಮ್ಮೆ ಎಳೆದೆ, ಬೆರಳಿನ ಗಿಣ್ಣು ಎಂಜಿನ್ನಿನ ಕೆಳಗಿನ ತಗಡಿಗೆ ಬಡಿದು ಚರ್ಮ ಕಿತ್ತುಬಂತು. ಸಿಟ್ಟಿನಲ್ಲಿ ಸ್ಪ್ಯಾನರಿನ ಹಿಡಿಗೆ ಸುತ್ತಿಗೆಯಿಂದ ಹೊಡೆದ ಮೇಲೆ ನೋಡುತ್ತೇನೆ, ಬೋಲ್ಟಿನ ತಲೆ ಅಡಿಕೆಯಂತೆ ದುಂಡಗಾಗಿತ್ತು. ಮೇಸ್ತ್ರಿ ಬಂದು ಇಣುಕಿದರು, ಬೈಯಲಿಲ್ಲ. ಒಂದು ಚಪ್ಪಟೆ ಅರವನ್ನು ನನ್ನ ಎದೆಯ ಮೇಲಿಟ್ಟು, ಆರೂ ಮುಖಗಳನ್ನು ಅರ್ಧರ್ಧ ಮಿಲಿಮೀಟರು ಉಜ್ಜಿ 16ರ ರಿಂಗ್ ಕೂರುವಂತೆ ಮಾಡು ಎಂದರು. ಮಲಗಿಕೊಂಡು, ಕಬ್ಬಿಣದ ಪುಡಿ ಕಣ್ಣಿಗೆ ಉದುರುತ್ತಿರಲು, ಮಧ್ಯಾಹ್ನವಿಡೀ ಉಜ್ಜಿದೆ. ನಡುನಡುವೆ ರಿಂಗನ್ನು ಹಚ್ಚಿ ನೋಡಿದರೆ ಒಂದು ಮುಖ ಸರಿಯಿದ್ದಾಗ ಪಕ್ಕದ್ದು ದಪ್ಪ. ಸಂಜೆಯ ಹೊತ್ತಿಗೆ ಸುತ್ತಿಗೆಯ ಎರಡು ಏಟಿಗೆ ರಿಂಗ್ ಗಟ್ಟಿಯಾಗಿ ಕೂತಿತು, ಒಂದೇ ಎಳೆತಕ್ಕೆ ಬೋಲ್ಟು ಬಿಟ್ಟುಕೊಂಡಿತು. ಪೆಟ್ಟಿಗೆಯಲ್ಲಿದ್ದ 17ರ ರಿಂಗಿನಿಂದ ಅದು ಅರ್ಧ ನಿಮಿಷದ ಕೆಲಸವಾಗಿತ್ತು.

ಈ ಕಥೆಯೇ ಹೆಚ್ಚು ಸಮಯ ತೆಗೆದುಕೊಂಡಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೊಳ್ಳುವಾಗ ಹೊಳಪನ್ನು ನೋಡಬೇಡಿ. ಜೇಬಿನಲ್ಲಿ ಒಂದು ಹೊಸ ನಟ್ಟನ್ನು ಇಟ್ಟುಕೊಂಡು ಹೋಗಿ, ಸ್ಪ್ಯಾನರಿಗೆ ಹಚ್ಚಿ ಅಲುಗಾಡಿಸಿ ನೋಡಿ. ನೂರು ತುಂಡುಗಳ ಅಗ್ಗದ ಪೆಟ್ಟಿಗೆಗಿಂತ ಕ್ರೋಮ್ ವೆನೇಡಿಯಮ್ ಉಕ್ಕಿನ 8, 10, 13, 17, 19ರ ಐದು ಒಳ್ಳೆಯ ಸ್ಪ್ಯಾನರುಗಳು ಮೇಲು. ಮುಖದಿಂದ ಮುಖಕ್ಕೆ ಅರ್ಧ ಇಂಚಿರುವ ನಟ್ಟಿಗೆ 13ರ ಸ್ಪ್ಯಾನರ್ ಹಿಡಿಸುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅರ್ಧ ಇಂಚೆಂದರೆ 12.7 ಮಿಲಿಮೀಟರು, ಮೂಲೆಗಳನ್ನು ತಿನ್ನಲು ಆ 0.3 ಮಿಲಿಮೀಟರಿನ ಸಡಿಲವೇ ಸಾಕು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಅಡ್ಜಸ್ಟೆಬಲ್ ಸ್ಪ್ಯಾನರನ್ನು ಬಳಸಲೇಬೇಕಾದರೆ ಸರಿದಾಡುವ ದವಡೆಯನ್ನು ನಟ್ಟಿಗೆ ಒತ್ತಿ ಬಿಗಿಮಾಡಿ, ಬಲ ಸ್ಥಿರ ದವಡೆಯ ಮೇಲೆ ಬೀಳುವಂತೆ ಎಳೆಯಿರಿ. ಯಾವ ಸ್ಪ್ಯಾನರನ್ನಾದರೂ ಸಾಧ್ಯವಾದಷ್ಟು ನಿಮ್ಮ ಕಡೆಗೆ ಎಳೆಯಿರಿ, ತಳ್ಳಬೇಡಿ. ತಳ್ಳುವಾಗ ಜಾರಿದರೆ ಗಿಣ್ಣು ಹೋಗುತ್ತದೆ. ಸ್ಟಾರ್ ಸ್ಕ್ರೂಡ್ರೈವರಿಗೂ ಇದೇ ನಿಯಮ: 2ನೆಯ ನಂಬರಿನ ಸ್ಕ್ರೂವಿಗೆ 1ನೆಯ ನಂಬರಿನ ತುದಿಯನ್ನು ತುರುಕಿದರೆ ತಲೆ ಕಿತ್ತುಹೋಗುತ್ತದೆ.

ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. 10ರ ಸ್ಪ್ಯಾನರ್ ಚಿಕ್ಕದಾಗಿರುವುದು ಅದು ತಿರುಗಿಸುವ, ಕಾಂಡ 6 ಮಿಲಿಮೀಟರು ದಪ್ಪವಿರುವ ಬೋಲ್ಟು ತಾಳುವ ಬಲ ಅಷ್ಟೇ ಆದ್ದರಿಂದ. ಉದ್ದವನ್ನು ಎರಡರಷ್ಟು ಮಾಡಿದರೆ ಬಲವೂ ಎರಡರಷ್ಟಾಗಿ ಬೋಲ್ಟು ಮುರಿದು ಒಳಗೇ ಉಳಿಯುತ್ತದೆ, ಅದನ್ನು ತೆಗೆಯುವುದು ಅರ ಉಜ್ಜುವುದಕ್ಕಿಂತಲೂ ಕಷ್ಟ. ಎಷ್ಟು ಬಲದಿಂದ ಬಿಗಿಯಬೇಕೆಂದು ಅಳೆದು ಬಿಗಿಯುವ ಟಾರ್ಕ್ ವ್ರೆಂಚಿನ ಬಗ್ಗೆ ಹೇಳಬೇಕೆಂದಿದ್ದೆ, ಆದರೆ ಗಾಜಿನಾಚೆಯಿಂದ ಕೈಸನ್ನೆ ಬಂದಾಯಿತು. ಇಷ್ಟು ನೆನಪಿರಲಿ: ಆ ವ್ರೆಂಚಿನಿಂದ ನಟ್ಟನ್ನು ಸಡಿಲಿಸಬೇಡಿ, ಕೆಲಸವಾದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಳತೆಗೆ ಇಳಿಸಿಡಿ. ನಮಸ್ಕಾರ.