ಬೂದು ಬಣ್ಣಕ್ಕಲ್ಲ, ನೀರಿಗೆ ಹೆದರಿ

ನಮಸ್ಕಾರ. ಇವತ್ತು ಹಳೇ ಮರದ ಬೇಲಿಯ ಬಗ್ಗೆ ಮಾತಾಡೋಣ. ವರ್ಷಗಟ್ಟಲೆ ಬಿಸಿಲಿಗೆ ಒಣಗಿ, ಮಳೆಗೆ ನೆನೆದು, ಬೂದಿ ಬಳಿದಂತೆ ಕಾಣುವ ಬೇಲಿ. ನೋಡಿದವರೆಲ್ಲ ‘ಇದನ್ನ ಕಿತ್ತುಹಾಕಿ ಹೊಸದು ಹಾಕ್ಸಿ’ ಅಂತಾರೆ. ಹಾಗೆ ಹೇಳುವವರು ಯಾರೂ ಅದರ ಖರ್ಚು ಕೊಡುವುದಿಲ್ಲ, ಅಲ್ವಾ? ಹಾಗಾಗಿ ಅದೇ ಬೇಲಿಯನ್ನು ಕಡಿಮೆ ದುಡ್ಡಿನಲ್ಲಿ ಹೇಗೆ ಉಳಿಸಿಕೊಳ್ಳಬಹುದು ಅಂತ ನೋಡೋಣ.

ಮೊದಲು ಆ ಬೂದು ಬಣ್ಣದ ವಿಷಯ. ಮರದ ನಾರುಗಳನ್ನು ಒಂದಕ್ಕೊಂದು ಕಚ್ಚಿ ಹಿಡಿದಿಡುವ ವಸ್ತುವಿಗೆ ಲಿಗ್ನಿನ್ ಎನ್ನುತ್ತಾರೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಗಿದರೆ ಈ ಲಿಗ್ನಿನ್ ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬಿಳಿಚಿಕೊಂಡ ಸೆಲ್ಯುಲೋಸ್ ನಾರು. ಅದರ ಮೇಲೆ ಸಣ್ಣ ಬೂಷ್ಟು, ಧೂಳು ಕೂತರೆ ಬೇಲಿ ಬೂದು. ಇಷ್ಟೇ ಕಥೆ. ಆ ಕಿರಣಗಳು ಮರದ ಒಳಕ್ಕೆ ಜಾಸ್ತಿ ಇಳಿಯುವುದಿಲ್ಲ. ಪೈನ್‌ನಂಥ ಮೆದು ಮರವನ್ನು ಏನೂ ಬಳಿಯದೆ ಬಯಲಿಗೆ ಬಿಟ್ಟರೂ, ಬಿಸಿಲು ಮಳೆಗೆ ಅದು ಸವೆಯುವುದು 100 ವರ್ಷಕ್ಕೆ ಸುಮಾರು 6 ಮಿಲಿಮೀಟರ್. ಅಂದರೆ ಬೂದು ಬೇಲಿಯ ಚರ್ಮದಡಿಯಲ್ಲಿ ಒಳ್ಳೆಯ ಮರ ಹಾಗೇ ಕೂತಿರುತ್ತದೆ.

ಹಾಗಾದರೆ ಬೇಲಿ ಬೀಳುವುದು ಯಾಕೆ? ನೀರಿನಿಂದ. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವ ಬೇಕು, ಗಾಳಿಯೂ ಬೇಕು. ಮರದ ತೇವಾಂಶ 20 ಶೇಕಡಾಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಕಂಬದ ಮೇಲ್ಭಾಗ ನೆನೆದರೂ ಬೇಗ ಒಣಗುತ್ತದೆ. ಮಣ್ಣಿನ ಆಳದಲ್ಲಿರುವ ಭಾಗಕ್ಕೆ ಗಾಳಿ ಸಾಲದು. ಎರಡೂ ಸರಿಯಾಗಿ ಸಿಗುವುದು ಕಂಬ ನೆಲ ಸೇರುವ ಜಾಗದಲ್ಲಿ. ಹಳೇ ಕಂಬ ಮುರಿಯುವುದು ಹೆಚ್ಚಾಗಿ ಅಲ್ಲೇ. ಇನ್ನು ಅಡ್ಡಪಟ್ಟಿಗೆ ಹಲಗೆ ತಾಗುವ ಸಂದು, ಹಲಗೆಯ ಕೊಯ್ದ ತುದಿ, ಇಲ್ಲೆಲ್ಲ ನೀರು ನಿಲ್ಲುತ್ತದೆ. ಕೈಯಲ್ಲಿರುವ ದುಡ್ಡು ಸ್ವಲ್ಪವೇ ಆದರೆ ಅದು ಮೊದಲು ಹೋಗಬೇಕಾದದ್ದು ಈ ಜಾಗಗಳಿಗೆ. ಮುಖದ ಬಣ್ಣಕ್ಕೆ ಆಮೇಲೆ.

ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಬೇಲಿಯ ಉದ್ದಕ್ಕೂ ನಡೆಯಿರಿ. ಪ್ರತಿ ಕಂಬದ ಬುಡದಲ್ಲಿ ಮಣ್ಣು ಒಂದಿಷ್ಟು ಸರಿಸಿ, ಚುಚ್ಚಿ ನೋಡಿ. ಗಟ್ಟಿಯಾಗಿ ತಡೆದರೆ ಸರಿ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋದರೆ ಅಲ್ಲಿ ಮರ ಸತ್ತಿದೆ ಎಂದೇ ಅರ್ಥ. ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಮುಂದಕ್ಕೆ ಹೋಗಿ. ಕೊನೆಗೆ ಲೆಕ್ಕ ಹಾಕಿದರೆ ಗುರುತು ಬಿದ್ದದ್ದು ನೀವು ಹೆದರಿದ್ದಕ್ಕಿಂತ ಕಡಿಮೆಯೇ ಇರಬಹುದು. ಕಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬುಡದಲ್ಲಿ ಕೊಳೆತಿದ್ದರೆ ಮಾತ್ರ ಈ ಭಾಷಣ ನಿಮಗಲ್ಲ. ಆಗ ಹೊಸ ಬೇಲಿಯೇ ಅಗ್ಗ.

ಬುಡ ಕೊಳೆತ ಕಂಬವನ್ನು ಪೂರ್ತಿ ಕೀಳಬೇಕಾಗಿಲ್ಲ. ಮೇಲಿನ ಭಾಗ ಗಟ್ಟಿಯಿದ್ದರೆ, ಪಕ್ಕದಲ್ಲಿ ಒಂದು ಗಿಡ್ಡ ಕಾಂಕ್ರೀಟ್ ಕಂಬವನ್ನೋ ಕಬ್ಬಿಣದ ಕೋನಪಟ್ಟಿಯನ್ನೋ ಹೂತು, ಎರಡನ್ನೂ ಬೋಲ್ಟು ಹಾಕಿ ಬಿಗಿದು, ಕೊಳೆತ ತುಂಡನ್ನು ಕೊಯ್ದು ತೆಗೆದರೆ ಆಯಿತು. ಹಲಗೆಯ ಕೆಳತುದಿ ಮಾತ್ರ ಕೊಳೆತಿದ್ದರೆ ಎಲ್ಲ ಹಲಗೆಗಳನ್ನೂ ಒಂದೇ ಮಟ್ಟಕ್ಕೆ ಕೊಯ್ಯಿರಿ. ಕೆಳಗೆ ಅಡ್ಡಲಾಗಿ ಒಂದೇ ಒಂದು ಹಲಗೆ ಹೊಡೆಯಿರಿ. ಇನ್ನು ಮುಂದೆ ಮಣ್ಣಿನ ನೀರು ತಿನ್ನುವುದು ಆ ಒಂದನ್ನು. ಅದನ್ನು ಬದಲಾಯಿಸುವುದು ಸುಲಭ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಮುಖ ತೀರಾ ಒರಟಾದ ಹಲಗೆಯನ್ನು ಬಿಚ್ಚಿ ತಿರುಗಿಸಿ ಹಾಕಿ. ಅಡ್ಡಪಟ್ಟಿಗೆ ಒರಗಿದ್ದ ಬೆನ್ನಿಗೆ ಬಿಸಿಲು ಕಡಿಮೆ ಬಿದ್ದಿದ್ದರೆ ಅದು ಇನ್ನೂ ಚೆನ್ನಾಗೇ ಇರುತ್ತದೆ. ಒಂದು ಪೈಸೆ ಖರ್ಚಿಲ್ಲ. ಸಡಿಲವಾದ ಮೊಳೆಯನ್ನು ಅದೇ ತೂತಿಗೆ ಮತ್ತೆ ಬಡಿಯಬೇಡಿ, ಮತ್ತೆ ಮೇಲೇಳುತ್ತದೆ. ಅದನ್ನು ಕಿತ್ತು ಸ್ಕ್ರೂ ಹಾಕಿ. ಸ್ಟೇನ್‌ಲೆಸ್ ಆಗಲಿ, ಸತುವಿನ ಲೇಪ ಇರುವುದಾಗಲಿ. ಬರೀ ಕಬ್ಬಿಣ ಬೇಡ.

ಈಗ ತೊಳೆಯುವ ಕೆಲಸ. ಮೊದಲು ಬುಡದಲ್ಲಿ ಗುಡ್ಡೆಯಾದ ಮಣ್ಣು, ತರಗೆಲೆ, ಹಬ್ಬಿದ ಬಳ್ಳಿ ಎಲ್ಲ ತೆಗೆಯಿರಿ. ಹಲಗೆಯ ಕೆಳತುದಿಗೂ ನೆಲಕ್ಕೂ ಸುಮಾರು 5 ಸೆಂಟಿಮೀಟರ್ ಅಂತರ ಇರಲಿ. ಆಮೇಲೆ ಕಪ್ಪು ಕಲೆಗಳನ್ನು ನೋಡಿ. ಎಲ್ಲ ಕಪ್ಪೂ ಒಂದೇ ಅಲ್ಲ. ಒಂದು ಹನಿ ಕ್ಲೋರಿನ್ ಬ್ಲೀಚ್ ದ್ರಾವಣ ಹಾಕಿ ಒಂದೆರಡು ನಿಮಿಷ ಕಾಯಿರಿ. ಕಲೆ ತಿಳಿಯಾದರೆ ಅದು ಬೂಷ್ಟು. ಆಗದಿದ್ದರೆ ಕೊಳೆ, ಇಲ್ಲವೇ ಕಬ್ಬಿಣದ ಕಲೆ. ಮೊಳೆಯ ಸುತ್ತ ಇಳಿದಿರುವ ಮಸಿಯಂಥ ಗೆರೆ ಕಬ್ಬಿಣದ್ದೇ. ಮರದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ, ತುಕ್ಕು, ನೀರು, ಈ ಮೂರೂ ಸೇರಿದರೆ ಹಾಗೆ ಕಪ್ಪಾಗುತ್ತದೆ.

ಬೇಲಿ ತೊಳೆಯಲು ನಾನು ಹೇಳುವುದು ಆಕ್ಸಿಜನ್ ಬ್ಲೀಚ್. ಅದರ ರಾಸಾಯನಿಕ ಹೆಸರು ಸೋಡಿಯಂ ಪರ್‌ಕಾರ್ಬೊನೇಟ್. ಬಟ್ಟೆಯ ಕಲೆ ತೆಗೆಯುವ ಎಷ್ಟೋ ಪುಡಿಗಳಲ್ಲಿ ಇರುವುದು ಇದೇ. ಸುಗಂಧ, ಬಣ್ಣ ಬೆರೆಸದ ಸಾದಾ ಪುಡಿ ಸಿಕ್ಕರೆ ಒಳ್ಳೆಯದು, ಅಗ್ಗವೂ ಹೌದು. ನೀರಿಗೆ ಬಿದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಡಿಯಾಗುತ್ತದೆ. ಒಂದು ಬೂಷ್ಟನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಜಿಡ್ಡನ್ನು ಬಿಡಿಸುತ್ತದೆ. ಬಿಸಿನೀರಿನಲ್ಲಿ ಪೊಟ್ಟಣದ ಮೇಲೆ ಹೇಳಿದಷ್ಟು ಕರಗಿಸಿ. ಕಲಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಅದರಲ್ಲಿ ಕಸುವು ಉಳಿಯುವುದಿಲ್ಲ. ಮುಚ್ಚಳ ಬಿಗಿದ ಡಬ್ಬಿಯಲ್ಲಂತೂ ಇಡಲೇಬಾರದು. ಆಮ್ಲಜನಕ ಬಿಡುತ್ತಾ ಹೋಗುತ್ತದೆ, ಡಬ್ಬಿ ಒಡೆದೀತು.

ಬೇಲಿಯ ಬುಡದ ಗಿಡಗಳಿಗೆ ಮೊದಲೇ ನೀರು ಹಾಕಿ ನೆನೆಸಿಡಿ. ಬೇಲಿಯನ್ನೂ ಒದ್ದೆ ಮಾಡಿ, ದ್ರಾವಣ ಬಳಿಯಿರಿ. ಕೆಳಗಿನಿಂದ ಮೇಲಕ್ಕೆ ಬಳಿದರೆ ಇಳಿದ ಗೆರೆಗಳು ಉಳಿಯುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಬಿಡಿ, ಅಷ್ಟು ಹೊತ್ತೂ ಒಣಗದ ಹಾಗೆ ನೋಡಿಕೊಳ್ಳಿ. ಆಮೇಲೆ ನೈಲಾನ್ ಬ್ರಷ್ಷಿನಲ್ಲಿ ಮರದ ಎಳೆಯ ಗುಂಟ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ತಂತಿಯ ಬ್ರಷ್ಷು ಬೇಡ. ಅದರ ಕಬ್ಬಿಣದ ಚೂರು ಮರದಲ್ಲಿ ಸಿಕ್ಕಿಕೊಂಡು, ಮುಂದಿನ ಮಳೆಗೆ ಬೇಲಿಯ ತುಂಬ ಕಪ್ಪು ಚುಕ್ಕಿ ಏಳುತ್ತದೆ.

ಬಾಡಿಗೆಗೆ ಸಿಗುವ ಪ್ರೆಷರ್ ವಾಷರ್ ತರಲೇ ಎಂದು ಕೇಳುವವರಿದ್ದಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಬೂದಾದ ಮರದ ಮೇಲ್ಪದರ ಮೊದಲೇ ಮೆತ್ತಗಿರುತ್ತದೆ. ಒತ್ತಡ ಜಾಸ್ತಿಯಾದರೆ ಮೆದು ಎಳೆಗಳು ಹಾರಿಹೋಗಿ ಮರ ಗೀರು ಗೀರಾಗುತ್ತದೆ. ತಂದೇ ತರುತ್ತೀರಾದರೆ ಅಗಲವಾಗಿ ಚಿಮ್ಮುವ ಮೂತಿ ಹಾಕಿ, ಒತ್ತಡ ಇಳಿಸಿ, ಒಂದು ಅಡಿಯಾದರೂ ದೂರದಿಂದ ಹಿಡಿಯಿರಿ. ನನ್ನನ್ನು ಕೇಳಿದರೆ ಆ ಬಾಡಿಗೆ ಉಳಿಸಿ, ಒಳ್ಳೆಯ ಬ್ರಷ್ಷು ಕೊಳ್ಳಿ.

ಕಬ್ಬಿಣದ ಕಲೆ ಇದರಿಂದ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಆಕ್ಸಾಲಿಕ್ ಆಮ್ಲ. ತೊಳೆದು ಮಂಕಾದ ಮರಕ್ಕೆ ಮತ್ತೆ ಹೊಳಪು ತರುವುದೂ ಅದೇ. ಪುಡಿಯನ್ನು ನೀರಿನಲ್ಲಿ ಕರಗಿಸಿ ಬಳಿದು, ಕಲೆ ಕರಗಿದ ಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಇದು ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಮಕ್ಕಳಿಗೆ ಸಿಗದ ಹಾಗೆ ಇಡಿ. ಇನ್ನೊಂದು ಮಾತು, ದಯವಿಟ್ಟು ಗಮನ ಕೊಟ್ಟು ಕೇಳಿ. ಕ್ಲೋರಿನ್ ಬ್ಲೀಚನ್ನು ಯಾವ ಆಮ್ಲದ ಜೊತೆಗೂ, ಅಮೋನಿಯಾ ಜೊತೆಗೂ ಸೇರಿಸಬಾರದು. ಬಕೆಟ್ಟಿನಲ್ಲೂ ಬೇಡ, ಬೇಲಿಯ ಮೇಲೂ ಬೇಡ. ವಿಷದ ಗಾಳಿ ಏಳುತ್ತದೆ. ಬೇಲಿಗೆ ಹಳೇ ಪೇಂಟು ಇದ್ದರೆ ಅದರಲ್ಲಿ ಸೀಸ ಇರಬಹುದು. ಅಂಥದ್ದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ.

ತೊಳೆದಾದ ಮೇಲೆ ಸುಮ್ನೆ ಕಾಯಿರಿ. ಎರಡು ಮೂರು ದಿನ ಒಳ್ಳೆಯ ಬಿಸಿಲು ಬೇಕು, ಮೋಡ ಇದ್ದರೆ ಇನ್ನೂ ಜಾಸ್ತಿ. ನಾರು ಎದ್ದು ತರಿತರಿಯಾಗಿದ್ದರೆ ದಪ್ಪ ತರಿಯ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಒಂದು ಕೈ ಉಜ್ಜಿ. ನುಣುಪು ಬರಬೇಕಾಗಿಲ್ಲ. ಸ್ವಲ್ಪ ಒರಟಿದ್ದರೇ ಬಣ್ಣ ಚೆನ್ನಾಗಿ ಕುಡಿಯುತ್ತದೆ.

ಏನು ಬಳಿಯುವುದು? ಪೇಂಟು ಮರದ ಮೇಲೆ ಪದರ ಕಟ್ಟುತ್ತದೆ. ನೋಡಲು ಚಂದ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಎಲ್ಲೋ ಒಂದು ಸಂದಿನಿಂದ ನೀರು ಒಳಗೆ ಹೋದರೆ ಪದರದ ಹಿಂದೆ ಸಿಕ್ಕಿಕೊಳ್ಳುತ್ತದೆ. ಪೇಂಟು ಎದ್ದು ಸಿಪ್ಪೆ ಸುಲಿಯುತ್ತದೆ. ಮುಂದಿನ ಸಲ ಅದನ್ನೆಲ್ಲ ಕೆರೆಯುವ ಕೂಲಿ ಬೇರೆ. ಮರದೊಳಗೆ ಇಂಗುವ ಎಣ್ಣೆ ಸ್ಟೇನ್ ಹಾಗಲ್ಲ. ಅದು ನಿಧಾನಕ್ಕೆ ಮಾಸುತ್ತದೆಯೇ ಹೊರತು ಸುಲಿಯುವುದಿಲ್ಲ. ಮಾಸಿದಾಗ ತೊಳೆದು ಮತ್ತೆ ಬಳಿದರೆ ಆಯಿತು. ಬೇಲಿಗೆ ನನ್ನ ಮತ ಇದಕ್ಕೇ. ಆದರೆ ಪೂರ್ತಿ ಪಾರದರ್ಶಕವಾದದ್ದು ಕೊಳ್ಳಬೇಡಿ. ಬಿಸಿಲಿನ ಕಿರಣ ತಡೆಯುವುದು ಅದರೊಳಗಿನ ಬಣ್ಣದ ಪುಡಿ. ಬಣ್ಣವೇ ಇಲ್ಲದಿದ್ದರೆ ವರ್ಷದೊಳಗೆ ಬೇಲಿ ಮತ್ತೆ ಬೂದಾಗಬಹುದು. ಬಣ್ಣವಿರುವ ಅರೆಪಾರದರ್ಶಕ ಸ್ಟೇನ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಬರುತ್ತದೆ. ಬರೀ ಅಗಸೆ ಎಣ್ಣೆ ಅಗ್ಗ ಅಂತ ಅದನ್ನೇ ಬಳಿಯುವವರಿದ್ದಾರೆ. ಹಸಿ ಅಗಸೆ ಎಣ್ಣೆ ಒಣಗುವುದು ನಿಧಾನ, ಬೂಷ್ಟಿಗೆ ಅದೇ ಊಟ.

ಅಂಗಡಿಯಲ್ಲಿ ಒಂದು ಮಾತು ಕೇಳಿ ನೋಡಿ. ಯಾರಿಗೋ ಬೆರೆಸಿ, ಬಣ್ಣ ಒಪ್ಪದೆ ವಾಪಸ್ ಬಂದ ಡಬ್ಬಿ ಇದೆಯಾ ಅಂತ. ಅಂಥವು ಇದ್ದರೆ ಕಡಿಮೆಗೆ ಕೊಡುತ್ತಾರೆ. ಬೇಲಿಗೆ ಕಂದು ಬಣ್ಣ ಒಂದು ಛಾಯೆ ಹೆಚ್ಚಾದರೆ ಯಾರು ಕೇಳುತ್ತಾರೆ? ಬೇರೆ ಬೇರೆ ಡಬ್ಬಿ ಕೊಂಡರೆ ಎಲ್ಲವೂ ಒಂದೇ ಬಗೆಯದ್ದಿರಲಿ, ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿಕೊಂಡು ಶುರುಮಾಡಿ. ಡಬ್ಬಿಯ ಮೇಲೆ ಬರೆದ ಲೀಟರಿಗಿಷ್ಟು ಎಂಬ ಲೆಕ್ಕ ನುಣುಪು ಮರದ್ದು. ಹಳೇ ಮರ ಅದಕ್ಕಿಂತ ಬಹಳ ಕುಡಿಯುತ್ತದೆ. ಅದನ್ನೂ ಸೇರಿಸಿಯೇ ಬಜೆಟ್ ಹಾಕಿ.

ಬಳಿಯುವಾಗ ಶುರು ಮಾಡುವುದು ತುದಿಗಳಿಂದ. ಮರ ಎಳೆಯ ಗುಂಟ ನೀರು ಹೀರುವ ವೇಗ ಅಡ್ಡಕ್ಕೆ ಹೀರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಯ್ದ ತುದಿ ಅಂದರೆ ಸಾವಿರಾರು ಸಣ್ಣ ಕೊಳವೆಗಳ ಬಾಯಿ. ಅದಕ್ಕೆ ಸಾಕು ಅನ್ನುವಷ್ಟು, ಎರಡು ಮೂರು ಸಲ, ಕುಡಿಯುವ ತನಕ ಕುಡಿಸಿ. ಸ್ಟೇನ್ ಕಡಿಮೆ ಬಿದ್ದೀತು ಅನ್ನಿಸಿದರೆ ಹಲಗೆಯ ಮುಖಕ್ಕೆ ತೆಳುವಾಗಿ ಬಳಿಯಿರಿ, ತುದಿಗೆ ಕಡಿಮೆ ಮಾಡಬೇಡಿ. ನೆರಳಿರುವ ಹೊತ್ತು ನೋಡಿಕೊಳ್ಳಿ. ಸುಡುವ ಹಲಗೆಗೆ ಬಳಿದರೆ ಇಂಗುವ ಮೊದಲೇ ಒಣಗುತ್ತದೆ. ಒಂದು ಹಲಗೆಯನ್ನು ತುದಿಯಿಂದ ತುದಿಗೆ ಮುಗಿಸಿ ಮುಂದಿನದಕ್ಕೆ ಹೋಗಿ, ಮಧ್ಯೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಕಾಲು ಗಂಟೆ ಬಿಟ್ಟು, ಇಂಗದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ.

ಆ ಬಟ್ಟೆಯ ಬಗ್ಗೆ ಹೇಳಲೇಬೇಕು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯ ಜೊತೆ ಸೇರುವಾಗ ಬಿಸಿಯಾಗುತ್ತದೆ. ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಡಿ. ಹಾಗೆಯೇ, ಔಷಧಿ ಹಾಯಿಸಿದ ಹಳೇ ಹಲಗೆಯ ತುಂಡುಗಳನ್ನು ಒಲೆಗೆ ಹಾಕಬೇಡಿ. ಅದರಲ್ಲಿ ಆರ್ಸೆನಿಕ್ ಇರಬಹುದು.

ಇನ್ನು ವರ್ಷಕ್ಕೊಮ್ಮೆ ಬೇಲಿಗೆ ಒಂದಿಷ್ಟು ನೀರು ಚಿಮುಕಿಸಿ. ಮಣಿಯಂತೆ ನಿಂತರೆ ಏನೂ ಮಾಡಬೇಕಾಗಿಲ್ಲ. ತಕ್ಷಣ ಹೀರಿಕೊಂಡರೆ ಮತ್ತೆ ಬಳಿಯುವ ಹೊತ್ತು ಬಂತು. ಬಿಸಿಲು ಹೊಡೆಯುವ ಪಕ್ಕ ಮೊದಲು ಕೇಳುತ್ತದೆ, ನೆರಳಿನ ಪಕ್ಕ ಇನ್ನೊಂದು ವರ್ಷ ತಾಳಬಹುದು. ಪೂರ್ತಿ ಬೇಲಿಗೆ ಒಂದೇ ಸಲ ಬಳಿಯಲೇಬೇಕು ಅಂತ ಏನೂ ಇಲ್ಲ. ಈ ವರ್ಷ ಕಂಬದ ಬುಡ, ತುದಿಗಳು ಮತ್ತು ಬಿಸಿಲಿನ ಪಕ್ಕ ಮುಗಿಸಿ, ಉಳಿದದ್ದಕ್ಕೆ ಮುಂದಿನ ವರ್ಷದ ದುಡ್ಡು ಬರಲಿ. ನಮಸ್ಕಾರ.